ಐನ್‌ಮನೆಯ ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೋ, ಸಿಮೆಂಟೋ?

ಕೊಡಗಿನ ಕುಟುಂಬಗಳ ತಲೆತಲಾಂತರದ ಮೂಲಮನೆಯಾದ ಹಳೆಯ ಐನ್‌ಮನೆಯನ್ನು ಇಂದಿನ ವಾಸಕ್ಕೆ ಸಜ್ಜು ಮಾಡುವವರು ಮೊದಲು ತೀರ್ಮಾನಿಸಬೇಕಾದದ್ದು ಗೋಡೆಯ ಗಾರೆಯನ್ನು.

ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ, ಅದರ ಕೆಲಸ ಬಲ್ಲ ಮೇಸ್ತ್ರಿಗಳೂ ಸುಲಭವಾಗಿ ಸಿಗುತ್ತಾರೆ. ಆದರೆ ಮಳೆಗಾಲವಿಡೀ ಮಣ್ಣಿನ ಗೋಡೆ ನೆಲದ ತೇವ ಹೀರುತ್ತಲೇ ಇರುತ್ತದೆ. ಸಿಮೆಂಟ್ ಅದನ್ನು ಹೊರಬಿಡದೆ ಒಳಗೇ ಹಿಡಿದಿಡುತ್ತದೆ. ನಮ್ಮ ಕೈಯಾಲೆಯ (ಮುಂದಿನ ಜಗಲಿಯ) ಗೋಡೆಗೆ ಸಿಮೆಂಟನ್ನೇ ಬಳಿಸಿದ್ದೆವು. ಎರಡನೇ ಮಳೆಗಾಲ ಕಳೆದ ಮೇಲೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ಹೆಕ್ಕಳ ಕಿತ್ತು ಬಂತು. ಹಿಂದೆ ಎರಡು ಬೆರಳು ದಪ್ಪದ ಒದ್ದೆ ಮಣ್ಣು ಅಂಟಿಕೊಂಡಿತ್ತು. ನೋಡಿ ಹೊಟ್ಟೆ ಉರಿಯಿತು.

ಸುಣ್ಣದ ಗಾರೆ ತೇವವನ್ನು ಆರಲು ಬಿಡುತ್ತದೆ, ಕೂದಲೆಳೆಯಷ್ಟು ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ತೆಳು ಪದರಗಳಲ್ಲಿ ಬಳಿಯಬೇಕು, ಕಾಯಬೇಕು. ಡಿಸೆಂಬರ್‌ನಲ್ಲೇ ಶುರು ಮಾಡಿ. ಕಾಫಿ ಕೊಯ್ಲೂ ಅದೇ ಹೊತ್ತಿಗೆ ಬರುತ್ತದೆ, ಆಳುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ನನ್ನ ಆಯ್ಕೆ ಸುಣ್ಣವೇ. ಹೊಸ ಬಚ್ಚಲು, ಶೌಚಾಲಯಕ್ಕೆ ಸಿಮೆಂಟ್ ಇರಲಿ, ಅದೂ ಮನೆಯ ಹಿಂಬದಿಗೆ ಬೇರೆಯೇ ಗೋಡೆ ಕಟ್ಟಿ. ಕುಲದ ಮೂಲ ಹಿರಿಯರಾದ ಗುರುಕಾರಣರಿಗೆ ನಡೆದುಕೊಳ್ಳುವ ಕನ್ನಿಕೊಂಬರೆ ಎಂಬ ಪೂಜೆಯ ಕೋಣೆಯ ಗೋಡೆಯಲ್ಲಿ ಪೈಪಿಗೆ ತೂತು ಕೊರೆಯಿರಿ ಎಂದು ನಾನು ಯಾರಿಗೂ ಹೇಳಲಾರೆ.