ಒಂದೇ ಪಿಕಪ್, ಎರಡೇ ನಾಬ್: ಎಪಿಫೋನ್ ಲೆಸ್ ಪಾಲ್ ಜೂನಿಯರ್

ಎಪಿಫೋನ್ ಲೆಸ್ ಪಾಲ್ ಜೂನಿಯರ್ ಎಂಬ ಎಲೆಕ್ಟ್ರಿಕ್ ಗಿಟಾರಿನಲ್ಲಿರುವುದು ಬ್ರಿಜ್ (ತಂತಿಗಳು ಒಡಲಿನ ಮೇಲೆ ಆತು ನಿಲ್ಲುವ ಲೋಹದ ಭಾಗ) ಪಕ್ಕದ ಒಂದು ಪಿ-90 ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ), ಒಂದು ವಾಲ್ಯೂಮ್ ನಾಬ್, ಒಂದು ಟೋನ್ ನಾಬ್ ಅಷ್ಟೇ. ಪಿಕಪ್ ಬದಲಿಸುವ ಸ್ವಿಚ್ ಇಲ್ಲ. ಕಲಬುರಗಿಯಲ್ಲಿ ವಚನ ಗಾಯನ, ಭಾವಗೀತೆಗಳ ಕಾರ್ಯಕ್ರಮಗಳಲ್ಲಿ ಹಾರ್ಮೋನಿಯಂ, ತಬಲಾಗಳ ಜೊತೆ ಕೂತು ನುಡಿಸುವ ನಾನು ಮೊದಲು ಮೂರು ಪಿಕಪ್, ಐದು ನೆಲೆಯ ಸ್ವಿಚ್ ಇರುವ ಗಿಟಾರನ್ನು ಬಳಸುತ್ತಿದ್ದೆ. ಜೂನಿಯರ್ ಕೈಗೆ ಬಂದ ಮೇಲೆ ಆ ಹಳೆಯ ಗಿಟಾರನ್ನು ಹೊರತೆಗೆಯುವುದೇ ಅಪರೂಪವಾಗಿದೆ.

ಗಿಬ್ಸನ್ ಕಂಪನಿ 1954ರಲ್ಲಿ ಮೂಲ ಜೂನಿಯರನ್ನು ಹೊರತಂದದ್ದು ಕಲಿಯುವವರ ಕೈಗೆಟುಕುವ ವಾದ್ಯವೆಂದು. ಹಾಗೆ ಖರ್ಚು ಉಳಿಸಿ ಮಾಡಿದ ಗಿಟಾರನ್ನೇ ಮುಂದೆ ಅಮೆರಿಕದ ರಾಕ್ ತಂಡ ಮೌಂಟನ್‌ನ ಲೆಸ್ಲೀ ವೆಸ್ಟ್ ದೊಡ್ಡ ವೇದಿಕೆಗಳಲ್ಲಿ ನುಡಿಸಿದರು. ಎಪಿಫೋನ್ ಕೂಡ ಗಿಬ್ಸನ್ ಒಡೆತನದ್ದೇ ಆದ್ದರಿಂದ, ಮಹಾಗನಿ ಮರದ ಚಪ್ಪಟೆ ಒಡಲು ಮತ್ತು ಮೂಲದ ವಿನ್ಯಾಸ ಇದರಲ್ಲೂ ಮುಂದುವರಿದಿವೆ.

ಇದರ ನಿಜವಾದ ಸೊಗಸು ವಾಲ್ಯೂಮ್ ನಾಬ್‌ನಲ್ಲಿದೆ. ಆಂಪ್ಲಿಫೈಯರನ್ನು ಸ್ವರ ತುಸು ಒಡೆಯುವ ಮಟ್ಟಕ್ಕೆ ಇಟ್ಟು, ನಾಬನ್ನು ಏಳರ ಸುತ್ತ ನಿಲ್ಲಿಸಿದರೆ ಗಾಯಕರ ದನಿಯ ಕೆಳಗೆ ನಿಲ್ಲುವಂಥ ತಿಳಿಯಾದ ನಾದ ಬರುತ್ತದೆ. ಪಲ್ಲವಿ ಮುಗಿದು ನನ್ನ ಸರದಿ ಬಂದಾಗ ಕಿರುಬೆರಳಿನಿಂದ ಹತ್ತಕ್ಕೆ ತಿರುಗಿಸಿದರೆ ಅದೇ ತಂತಿ ಗಡುಸಾಗಿ ಎದ್ದು ನಿಲ್ಲುತ್ತದೆ. ಪೂರ್ತಿ ಮುಚ್ಚಿ ಮೀಟಿ, ನಂತರ ಮೆಲ್ಲಗೆ ತೆರೆದರೆ ಮೀಟಿನ ಪೆಟ್ಟು ಕೇಳಿಸದೆ ಸ್ವರ ಮಾತ್ರ ಏಳುತ್ತದೆ, ಆಲಾಪದ ಹಿಂದೆ ಇದು ತುಂಬ ಹೊಂದುತ್ತದೆ. ಉಳಿದದ್ದು ಬಲಗೈಯ ಕೆಲಸ: ಬ್ರಿಜ್ ಹತ್ತಿರ ಮೀಟಿದರೆ ಚೂಪು, ಗಿಟಾರಿನ ಕುತ್ತಿಗೆಯ ಮೇಲಿನ ಫ್ರೆಟ್‌ಗಳ (ಲೋಹದ ಅಡ್ಡಪಟ್ಟಿಗಳ) ಕಡೆ ಸರಿದು ಮೀಟಿದರೆ ಮೃದು. ಸ್ವಿಚ್ ಇದ್ದಾಗ ನಾನು ಇಷ್ಟು ಗಮನವಿಟ್ಟು ಕೈ ಸರಿಸುತ್ತಿರಲಿಲ್ಲ.

ಕುತ್ತಿಗೆಯ ಬಳಿ ಪಿಕಪ್ ಇಲ್ಲದಿರುವುದಕ್ಕೂ ಒಂದು ಲಾಭವಿದೆ. ಪಿಕಪ್ಪಿನ ಆಯಸ್ಕಾಂತ ಉಕ್ಕಿನ ತಂತಿಯನ್ನು ಸದಾ ಎಳೆಯುತ್ತಿರುತ್ತದೆ. ತಂತಿ ಅಗಲವಾಗಿ ಕಂಪಿಸುವ ಆ ಜಾಗದಲ್ಲಿ ಪಿಕಪ್ಪನ್ನು ತೀರ ಎತ್ತರಿಸಿ ಕೂರಿಸಿದರೆ ಸ್ವರ ಬೇಗ ಕುಂದುತ್ತದೆ, ಶ್ರುತಿಯೂ ಅಲುಗುತ್ತದೆ. ಜೂನಿಯರ್‌ನಲ್ಲಿ ಆ ತೊಂದರೆಗೆ ಆಸ್ಪದವೇ ಇಲ್ಲ.

ಕೊರತೆಗಳನ್ನೂ ಹೇಳಲೇಬೇಕು. ಪಿ-90 ಒಂಟಿ ಸುರುಳಿಯ ಪಿಕಪ್ ಆದ್ದರಿಂದ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನು ತಂತಿಯ ಕಂಪನದ ಜೊತೆಗೇ ಹಿಡಿಯುತ್ತದೆ. ಸೆತ್ ಲವರ್ 1955ರಲ್ಲಿ ಗಿಬ್ಸನ್‌ಗಾಗಿ ರೂಪಿಸಿದ ಹಂಬಕರ್ ಪಿಕಪ್ಪಿನಲ್ಲಿ ಎರಡು ಸುರುಳಿಗಳು ಈ ಸದ್ದನ್ನು ಪರಸ್ಪರ ಅಳಿಸುತ್ತವೆ. ಇಲ್ಲಿ ಆ ಅನುಕೂಲವಿಲ್ಲ. ಸೀರಿಯಲ್ ಸೆಟ್ ಮತ್ತು ಡಿಮ್ಮರ್ ದೀಪಗಳಿಂದ ತುಂಬಿದ ಕಲ್ಯಾಣ ಮಂಟಪದಲ್ಲಿ ಹಾಡುಗಳ ನಡುವಿನ ಮೌನದಲ್ಲಿ ಅದು ಎದ್ದು ಕೇಳಿಸುತ್ತದೆ. ಕೂತಲ್ಲೇ ಸ್ವಲ್ಪ ತಿರುಗಿ, ಸದ್ದು ಅತ್ಯಂತ ಕಡಿಮೆಯಾಗುವ ದಿಕ್ಕನ್ನು ಹುಡುಕಿಕೊಂಡರೆ ಬಹುಮಟ್ಟಿಗೆ ಸುಧಾರಿಸುತ್ತದೆ. ಹಾಡು ನಿಂತ ಕೂಡಲೇ ನಾಬನ್ನು ಮುಚ್ಚುವ ಅಭ್ಯಾಸವೂ ಬೇಕು.

ಇನ್ನು ಇದರ ಬ್ರಿಜ್ ಒಂದೇ ತುಂಡಿನದು. ಪ್ರತಿ ತಂತಿಯ ಉದ್ದವನ್ನು ಬೇರೆಬೇರೆಯಾಗಿ ಸರಿಪಡಿಸಲು ಬರುವುದಿಲ್ಲ, ಎರಡು ತುದಿಗಳ ತಿರುಪಿನಿಂದ ಒಟ್ಟಾಗಿ ಹೊಂದಿಸಬೇಕು. ಹಾರ್ಮೋನಿಯಂ ಜೊತೆ ನುಡಿಸುವವರು ತಂತಿ ಬದಲಿಸಿದಾಗಲೆಲ್ಲ ಹನ್ನೆರಡನೆಯ ಫ್ರೆಟ್ಟಿನ ಸ್ವರ ತೆರೆದ ತಂತಿಗಿಂತ ಸರಿಯಾಗಿ ಒಂದು ಸಪ್ತಕ ಮೇಲಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು.

ಒಂದೊಂದು ಹಾಡಿಗೆ ಒಂದೊಂದು ಬಗೆಯ ನಾದ ಬೇಕಾಗುವ ಚಿತ್ರಗೀತೆಗಳ ಆರ್ಕೆಸ್ಟ್ರಾದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಟೋನ್ ನಾಬನ್ನು ಎಷ್ಟು ಇಳಿಸಿದರೂ ಕುತ್ತಿಗೆ ಪಿಕಪ್ಪಿನ ಆ ದುಂಡನೆಯ ದನಿ ಬರುವುದಿಲ್ಲ, ಅಂಥವರಿಗೆ ಎರಡು ಪಿಕಪ್ಪಿನ ವಾದ್ಯವೇ ಸೂಕ್ತ. ಒಬ್ಬ ಗಾಯಕರ ಪಕ್ಕದಲ್ಲಿ ಕೂತು, ಒಂದೇ ನಾದವನ್ನು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ನುಡಿಸಬೇಕೆನ್ನುವವರು ಮಾತ್ರ ಧೈರ್ಯವಾಗಿ ಕೊಳ್ಳಬಹುದು.