ಬೆಳಗಾವಿಯ ಬಾಡಿಗೆ ಮನೆಗೆ ತಪಾಸಣೆ ಸೇವೆ: ಮೂರು ವರ್ಷ ಬಳಸಿದ ಮೇಲೆ

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಅಪ್ಪ ಕಟ್ಟಿಸಿದ ಮನೆ ಇರುವುದು ಬೆಳಗಾವಿಯ ಹಿಂದವಾಡಿಯಲ್ಲಿ, ಬಾಡಿಗೆಗೆ ಕೊಟ್ಟಿದ್ದೇನೆ. ಹೋಗಿ ನೋಡಿ ಬರಲು ಒಂದು ದಿನ ಪೂರ್ತಿ ಬೇಕು. ನೌಕರಿ ಬಿಟ್ಟು ಪದೇ ಪದೇ ಓಡಾಡಲು ಆಗಲ್ಲ. ಅದಕ್ಕೆ 2022ರ ಮೇ ತಿಂಗಳಿಂದ ಅಲ್ಲಿನ ಒಂದು ಸಣ್ಣ ತಪಾಸಣೆ ಸೇವೆ ಹಿಡಿದಿದ್ದೇನೆ. ಮೊದಲ ಭೇಟಿಗೆ 2,500 ರೂಪಾಯಿ, ಆಮೇಲೆ ಪ್ರತಿ ಸಲ 1,200. ಮಳೆಗೆ ಮುಂಚೆ ಮೇನಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ. ಬಾಡಿಗೆದಾರರು ಬದಲಾದರೆ ಇನ್ನೊಂದು.

ಬಾಗಲಕೋಟೆಯಲ್ಲಿ ಕೂತವರಿಗೆ ಬೆಳಗಾವಿ ಮಳೆಯ ಅಂದಾಜು ಸಿಗಲ್ಲ. ಇಲ್ಲಿ ನಾವು ಮೋಡ ನೋಡುತ್ತಾ ಕೂತಿರುತ್ತೇವೆ, ಅಲ್ಲಿ ವಾರಗಟ್ಟಲೆ ಬಿಡದೆ ಹೊಯ್ಯುತ್ತಿರುತ್ತದೆ. ಮಾಳಿಗೆ ಮೇಲೆ ನೀರು ನಿಂತರೆ ಮುಗಿಯಿತು, ಗೋಡೆ ಕುಡಿಯುತ್ತಲೇ ಇರುತ್ತದೆ.

ಬಂದವರು ಸುಮಾರು ಒಂದೂವರೆ ತಾಸು ಇರುತ್ತಾರೆ. ತೇವ ಅಳೆಯುವ ಸಣ್ಣ ಮೀಟರನ್ನು ಗೋಡೆಗೆ ಒತ್ತಿ ನೋಡುತ್ತಾರೆ. ಕರೆಂಟ್ ಸೋರಿದರೆ ತಾನೇ ಕಟ್ ಆಗುವ ಸ್ವಿಚ್ಚಿನ (ಆರ್‌ಸಿಸಿಬಿ) ಟೆಸ್ಟ್ ಬಟನ್ ಒತ್ತಿ ಕರೆಂಟ್ ಕಟ್ ಆಗುತ್ತದಾ ಎಂದು ಪರೀಕ್ಷಿಸುತ್ತಾರೆ. ಟ್ಯಾಂಕ್, ಸಂಪು, ನಲ್ಲಿ, ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆಯಾ, ಹೆಸ್ಕಾಂ ಮೀಟರಿನ ರೀಡಿಂಗ್ ಎಷ್ಟು, ಎಲ್ಲಾ ಬರೆದುಕೊಳ್ಳುತ್ತಾರೆ. ಪ್ರತಿ ಸಲ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಯುತ್ತಾರೆ, ನನಗೆ ಬಹಳ ಹಿಡಿಸಿದ್ದು ಇದು. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಯಾವ ಬಿರುಕು ಬೆಳೆದಿದೆ ಎಂದು ನನ್ನಂಥವನಿಗೂ ಗೊತ್ತಾಗುತ್ತದೆ.

ಆದರೆ ಅದೇ ಫೋಟೋದಲ್ಲೇ ಒಮ್ಮೆ ಮೋಸವೂ ಆಯಿತು. 2023ರ ಜುಲೈನಲ್ಲಿ ಬೆಡ್‌ರೂಮಿನ ಮೂಲೆಯಲ್ಲಿ ಕಲೆ ಬಿದ್ದಿದೆ ಎಂದು ಬಾಡಿಗೆದಾರರು ಫೋನ್ ಮಾಡಿದರು. ವಿಶೇಷ ಭೇಟಿ ಹೇಳಿದೆ. ವರದಿಯಲ್ಲಿ 'ಮಾಳಿಗೆ ಸರಿ ಇದೆ' ಎಂದು ಬಂತು. ನಂಬಿದೆ. ರಾತ್ರಿ ಊಟ ಆದ ಮೇಲೆ ಆ ಫೋಟೋ ಮತ್ತೆ ತೆಗೆದು ನೋಡಿದೆ. ಹಿಂದೆ ಆಕಾಶ ನೀಲಿ, ಮಾಳಿಗೆ ಬಿಳಿಚಿಕೊಂಡು ಒಣಗಿದೆ, ಗೋಡೆಯ ನೆರಳು ಚೂಪಾಗಿ ಬಿದ್ದಿದೆ. ಆ ವಾರ ಬೆಳಗಾವಿಯಲ್ಲಿ ಸೂರ್ಯನ ಮುಖವನ್ನೇ ಯಾರೂ ಕಂಡಿರಲಿಲ್ಲ! ಮೇ ತಿಂಗಳ ಫೋಟೋ ಹಾಕಿಬಿಟ್ಟಿದ್ದರು. ಫೋನ್ ಮಾಡಿ ಕೇಳಿದರೆ, ಮೆಟ್ಟಿಲು ಜಾರುತ್ತಿತ್ತು, ಹುಡುಗ ಮೇಲೆ ಹತ್ತಲಿಲ್ಲ ಅಂದರು. ಹತ್ತಲು ಆಗಲಿಲ್ಲ ಎಂದೇ ಬರೆಯಬಹುದಿತ್ತು, ಅಲ್ವಾ? ಮರುದಿನ ಪುಕ್ಕಟೆ ಬಂದರು. ನೀರಿಳಿಯುವ ಪೈಪಿನ ಬಾಯಿಗೆ ಪಕ್ಕದ ಮನೆಯ ಮಾವಿನ ಎಲೆ ಕಟ್ಟಿಕೊಂಡಿತ್ತು. ಒಂದು ಹಿಡಿ ಎಲೆ ಅಷ್ಟೇ. ಆದರೆ ಅಷ್ಟರಲ್ಲಿ ಗಿಲಾವು ಉಬ್ಬಿತ್ತು, ಮಳೆ ನಿಂತ ಮೇಲೆ ಆ ಗೋಡೆಯನ್ನು ಮತ್ತೆ ಮಾಡಿಸಬೇಕಾಯಿತು. ಅಂದಿನಿಂದ ದಿನಾಂಕ, ಸಮಯ ಬೀಳುವ ಫೋಟೋ ಮತ್ತು ಮಾಳಿಗೆ ಸುತ್ತುವ ವಿಡಿಯೋ ಇಲ್ಲದೆ ನಾನು ಹಣ ಹಾಕುವುದಿಲ್ಲ. ಅವರೂ ಒಪ್ಪಿದ್ದಾರೆ, ಆಮೇಲೆ ಒಮ್ಮೆಯೂ ತಪ್ಪಿಸಿಲ್ಲ.

ಇಷ್ಟಾದರೂ ಯಾಕೆ ಬಿಡಲಿಲ್ಲ ಅಂದರೆ, 2024ರ ಏಪ್ರಿಲ್. ಅದೇ ಬಾಡಿಗೆದಾರರು ಮನೆ ಖಾಲಿ ಮಾಡಿದರು. ವಾಶ್ ಬೇಸಿನ್ ಅಂಚು ಒಡೆದಿತ್ತು. ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುವ ಲೆಕ್ಕ ಹಾಕಿ ನಾನೇ ಹೋಗಿದ್ದೆ. ಆ ಹೆಣ್ಣುಮಗಳು ಸಿಟ್ಟು ಮಾಡಲಿಲ್ಲ. ಅಗ್ರಿಮೆಂಟ್ ಜೊತೆ ಹಚ್ಚಿದ್ದ ಮೊದಲ ವರದಿ ತೆಗೆದು, "ಅಣ್ಣಾರ, ನಾವು ಬಂದಾಗನೂ ಹಿಂಗ ಇತ್ರಿ, ನೋಡ್ರಿ" ಅಂದರು. ಹೌದು, ಅದೇ ಅಂಚು, ಅದೇ ಒಡಕು, ಕೆಳಗೆ ನಮ್ಮಿಬ್ಬರ ಸಹಿ. ಡಿಪಾಸಿಟ್ ಪೂರ್ತಿ ವಾಪಸ್ ಕೊಟ್ಟೆ. ವರದಿ ಇರದಿದ್ದರೆ ಎರಡು ವರ್ಷ ಮನೆಯನ್ನು ಚೆನ್ನಾಗಿ ಇಟ್ಟುಕೊಂಡವರ ಹಣ ನಾನು ಸುಮ್ನೆ ತಿಂದಂತಾಗುತ್ತಿತ್ತು.

ಇನ್ನೊಂದು ಮಾತು. ಮೊದಮೊದಲು ಈ ತಪಾಸಣೆಯವರು ಬೆಳಿಗ್ಗೆ ಫೋನ್ ಮಾಡಿ ಮಧ್ಯಾಹ್ನ ಹೋಗಿಬಿಡುತ್ತಿದ್ದರು. ಅದು ಬಾಡಿಗೆದಾರರ ಸಂಸಾರ ಇರುವ ಮನೆ, ಹಾಗೆ ನುಗ್ಗಬಾರದು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲೂ 24 ತಾಸು ಮೊದಲೇ ತಿಳಿಸಬೇಕು ಎಂದಿದೆ. ನಾನು ಎರಡು ದಿನ ಅಂತ ಹೇಳಿದ್ದೇನೆ. ವರದಿಯ ಒಂದು ಪ್ರತಿ ಬಾಡಿಗೆದಾರರಿಗೂ ಹೋಗಲೇಬೇಕು.

ಗೃಹಜ್ಯೋತಿ ವಿಷಯದಲ್ಲೂ ಉಪಕಾರ ಆಯಿತು. ಮನೆ ಬಿಡುವವರ ಆಧಾರ್ ನಮ್ಮ ಮನೆಯ ಕರೆಂಟ್ ಸಂಪರ್ಕದ ಆರ್‌ಆರ್ ನಂಬರಿಗೆ ಜೋಡಣೆ ಆಗಿತ್ತು. ಅದನ್ನು ತೆಗೆಸಿ ಹೋಗಿ ಎಂದು ನೆನಪಿಸಿದ್ದು ಇವರೇ.

ಗೋಡೆಯೊಳಗಿನ ಪೈಪು, ವೈರಿಂಗ್ ಇವರಿಗೆ ಕಾಣಲ್ಲ. ಅದಕ್ಕೆ ಪ್ಲಂಬರ್, ಎಲೆಕ್ಟ್ರಿಷಿಯನ್ ಬೇರೆಯೇ ಬೇಕು. ಅದೇ ಊರಲ್ಲಿ ಇರುವ ಮಾಲೀಕರು ಇದಕ್ಕೆ ಹಣ ಹಾಕಬೇಡಿ, ಮೇನಲ್ಲಿ ಒಮ್ಮೆ ನೀವೇ ಮಾಳಿಗೆ ಹತ್ತಿ ಪೈಪಿನ ಬಾಯಿ ನೋಡಿ ಬನ್ನಿ. ನನ್ನ ಹಾಗೆ ದೂರ ಇರುವವರಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದುಕೊಂಡ ಒಂದು ಸ್ಟಾರ್ ಆ ನೀಲಿ ಆಕಾಶಕ್ಕೆ.