‘ಪಾಸ್‌ವರ್ಡ್ ಇದೆ’ ಎಂಬ ಮಾತು ನಂಬಿ ತರಗತಿಗೆ ಬ್ಲೂಟೂತ್ ಆಂಪ್ಲಿಫೈಯರ್ ತರಬೇಡಿ

ಶಾಲೆಗೋ ಟ್ಯೂಷನ್ ಕೊಠಡಿಗೋ ಬ್ಲೂಟೂತ್ ಇರುವ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಹಣ ಕೊಡಿ. ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಒಂದೊಂದು ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳಿರುವುದರಿಂದ ಹಿಂದಿನ ಬೆಂಚಿಗೆ ದನಿ ಮುಟ್ಟುವುದಿಲ್ಲ. ಹಳಗನ್ನಡ ಪದ್ಯಗಳ ಗಮಕ ವಾಚನವನ್ನು ಮಕ್ಕಳಿಗೆ ಚೆನ್ನಾಗಿ ಕೇಳಿಸಬೇಕೆಂಬ ಆಸೆಯೂ ಇತ್ತು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿಕೊಟ್ಟರು. ನಾಲ್ಕು ಕೊಠಡಿಗಳಿಗೆ ಆಂಪ್ಲಿಫೈಯರ್, ಗೋಡೆಗೆ ಸ್ಪೀಕರ್, ಮೈಕು ಎಲ್ಲ ಸೇರಿ 42,000 ರೂಪಾಯಿ. ಆರಿಸಿ ತಂದವಳು ನಾನೇ.

ಅಂಗಡಿಯಲ್ಲಿ ನಾನು ಮುಖ್ಯವಾಗಿ ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಯಾರಾದರೂ ತಮ್ಮ ಫೋನನ್ನು ಇದಕ್ಕೆ ಕನೆಕ್ಟ್ ಮಾಡಿಬಿಟ್ಟರೆ? “ಪಾಸ್‌ವರ್ಡ್ ಇದೆ ಮೇಡಂ, ನೀವು ಹೇಳದೆ ಯಾರಿಗೂ ಆಗಲ್ಲ” ಎಂದು ಅಂಗಡಿಯವರು ಡಬ್ಬದೊಳಗಿನ ಚೀಟಿ ತೆಗೆದು 0000 ಎಂಬ ಸಂಖ್ಯೆಯ ಮೇಲೆ ಬೆರಳಿಟ್ಟು ತೋರಿಸಿದರು. ನಂಬಿದೆ.

ಮೂರನೆಯ ವಾರ ಹತ್ತನೇ ತರಗತಿಯ ಕೊಠಡಿಯಲ್ಲಿ ಪೋಷಕರ ಸಭೆ. ಅಂಕಪಟ್ಟಿ ತರಲೆಂದು ನಾನು ಗೋಡೆಯಾಚೆಯ ಸ್ಟಾಫ್ ರೂಮಿಗೆ ಬಂದಿದ್ದೆ. ತಂಗಿ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿದ್ದಳು. ಒತ್ತಿದೆ, ಏನೂ ಕೇಳಿಸಲಿಲ್ಲ. ವಾಲ್ಯೂಮ್ ಏರಿಸಿದೆ, ಆಗಲೂ ಕೇಳಿಸಲಿಲ್ಲ. ಪೂರ್ತಿ ಏರಿಸಿ ಮತ್ತೊಮ್ಮೆ ಮೊದಲಿನಿಂದ ಒತ್ತಿದೆ. ಅಷ್ಟರಲ್ಲಿ ಹುಡುಗಿಯೊಬ್ಬಳು ಓಡಿ ಬಂದು, “ಮಿಸ್, ನಿಮ್ಮ ಫೋನು ಅಲ್ಲಿ ಕೇಳಿಸ್ತಿದೆ” ಎಂದಳು. ಅಪ್ಪನ ಆಸ್ಪತ್ರೆ ಬಿಲ್ಲಿನಲ್ಲಿ ಯಾರ ಪಾಲು ಎಷ್ಟು, ಯಾರು ಇನ್ನೂ ಕೊಟ್ಟಿಲ್ಲ ಎಂಬ ನಮ್ಮ ಮನೆಯ ಮಾತೆಲ್ಲ ಎರಡು ಸಲ, ಎರಡನೆಯ ಸಲ ಇನ್ನೂ ಜೋರಾಗಿ, ಪೋಷಕರ ಮುಂದೆ ಮೊಳಗಿತ್ತು. ಬೆಳಿಗ್ಗೆ ಅದೇ ಕೊಠಡಿಯಲ್ಲಿ ಗಮಕ ಕೇಳಿಸಿದ್ದೆ. ಸಭೆಯ ಮೈಕಿಗಾಗಿ ಆಂಪ್ಲಿಫೈಯರ್ ಆನ್ ಮಾಡಿದ ಕೂಡಲೇ ನನ್ನ ಫೋನು ತಾನಾಗಿಯೇ ಅದಕ್ಕೆ ಕೂಡಿಕೊಂಡಿತ್ತು. ಹತ್ತು ಮೀಟರ್ ದೂರಕ್ಕೆ, ನಡುವೆ ಗೋಡೆಯಿದ್ದರೂ, ಬ್ಲೂಟೂತ್ ತಲುಪುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಆ ಸಭೆಗೆ ಮತ್ತೆ ಹೋಗಿ ನಿಲ್ಲಲು ನನಗೆ ಆಗಲಿಲ್ಲ.

ಮೋಸ ಹೋದದ್ದು ಪೂರ್ತಿ ತಿಳಿದದ್ದು ಅಂದು ಸಂಜೆ. ನಮ್ಮ ಗಣಿತದ ಮೇಷ್ಟ್ರು, ಆ ಆಂಪ್ಲಿಫೈಯರನ್ನು ಒಮ್ಮೆಯೂ ಬಳಸದವರು, ತಮ್ಮ ಫೋನು ತೆಗೆದರು. ಪಟ್ಟಿಯಲ್ಲಿ ನಾಲ್ಕೂ ಕೊಠಡಿಯವು ಒಂದೇ ಹೆಸರಿನಲ್ಲಿ ಕಂಡವು, ಯಾವುದು ಯಾವ ಕೊಠಡಿಯದೆಂದು ಗುರುತೇ ಇಲ್ಲ. ಒಂದನ್ನು ಒತ್ತಿದರು. ‘ಪೇರ್ ಮಾಡಬೇಕೇ’ ಎಂಬ ಪ್ರಶ್ನೆ ಬಂದದ್ದು ಅವರದೇ ಫೋನಿನಲ್ಲಿ. ಹೌದೆಂದು ಒತ್ತಿದವರೂ ಅವರೇ. ಕನೆಕ್ಟ್ ಆಯಿತು. 0000 ಕೇಳಲಿಲ್ಲ, ಯಾವ ಸಂಖ್ಯೆಯನ್ನೂ ಕೇಳಲಿಲ್ಲ. ಒಳಗೆ ಬರಬೇಕೆಂದವನನ್ನೇ ‘ಒಳಗೆ ಬಿಡಲೇ’ ಎಂದು ಕೇಳುವ ಬಾಗಿಲಿಗೆ ಬೀಗವಿದೆ ಎಂದು ನನಗೆ ಮಾರಿದ್ದರು. ಮೇಷ್ಟ್ರು ಕಿಟಕಿಯಾಚೆಯ ಸೈಕಲ್ ಸ್ಟ್ಯಾಂಡಿನವರೆಗೆ ಹೋದರು, ಆಗಲೂ ಹಾಡು ನಿಲ್ಲಲಿಲ್ಲ.

ಆ ಸಭೆಗೂ ಎರಡು ವಾರದ ಹಿಂದೆ ಒಂಬತ್ತನೇ ತರಗತಿಯಲ್ಲಿ ಪಾಠದ ನಡುವೆ ಇದ್ದಕ್ಕಿದ್ದಂತೆ ಸಿನಿಮಾ ಹಾಡು ಬಂದಾಗ ನಾನು ಒಬ್ಬ ಹುಡುಗನನ್ನು ಅನುಮಾನಿಸಿ ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದ್ದೆ. ಅವನ ಬಳಿ ಫೋನೇ ಇರಲಿಲ್ಲ. ಅವನನ್ನು ಕರೆದು ಕ್ಷಮೆ ಕೇಳಿದ್ದೇನೆ.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಹಳೆಯ ಬ್ಲೂಟೂತ್‌ನಲ್ಲಿ 0000 ಅಥವಾ 1234 ಎಂದು ಒತ್ತಬೇಕಿತ್ತು. 2007ರಲ್ಲಿ ಬಂದ 2.1 ಆವೃತ್ತಿಯ ನಂತರ, ಪರದೆಯೂ ಗುಂಡಿಗಳ ಫಲಕವೂ ಇಲ್ಲದ ಸ್ಪೀಕರಿನಂಥ ಸಾಧನಗಳು ಸಂಖ್ಯೆಯನ್ನೇ ಕೇಳದೆ ಕೂಡಿಕೊಳ್ಳುತ್ತವೆ. ಚೀಟಿಯಲ್ಲಿದ್ದ 0000 ನಮ್ಮ ಈಗಿನ ಫೋನುಗಳ ಮಟ್ಟಿಗೆ ಬರೀ ಅಚ್ಚಾದ ಸಂಖ್ಯೆ. ಕೇಳಿದ್ದರೂ ಏನು, ಎಲ್ಲರಿಗೂ ಗೊತ್ತಿರುವ ಸಂಖ್ಯೆ ಯಾವ ಸೀಮೆಯ ಪಾಸ್‌ವರ್ಡ್?

ಅಂಗಡಿಗೆ ಫೋನ್ ಮಾಡಿದೆ. “ಪಾಸ್‌ವರ್ಡ್ ಚೇಂಜ್ ಮಾಡ್ಕೊಳ್ಳಿ ಮೇಡಂ.” ಎಲ್ಲಿ ಎಂದೆ. “ಸೆಟ್ಟಿಂಗ್ಸಲ್ಲಿ ಇರತ್ತೆ.” ಅದರ ಮೇಲಿರುವುದು ತಿರುಗಿಸುವ ಗುಂಡಿಗಳು ಮತ್ತು ಒಂದು ಮೋಡ್ ಬಟನ್ ಮಾತ್ರ, ಸೆಟ್ಟಿಂಗ್ಸ್ ಎಂಬುದೇ ಇಲ್ಲ. ಮರುದಿನ: “ಬ್ಲೂಟೂತ್ ಅಂದ್ರೆ ಎಲ್ಲಾ ಕಡೆ ಹಾಗೇನೇ.” ಇದು ಸುಳ್ಳು, ಬಟನ್ ಒತ್ತಿ ಹಿಡಿದಾಗ ಮಾತ್ರ ಹೊಸ ಫೋನನ್ನು ಸೇರಿಸಿಕೊಳ್ಳುವ ಸಾಧನಗಳಿವೆ. ಮೂರನೆಯ ಸಲ: “ಬಿಲ್ಲಲ್ಲಿ ಪಾಸ್‌ವರ್ಡ್ ಅಂತ ಬರೆದಿದ್ದೀವಾ? ಮಕ್ಕಳನ್ನ ಹತೋಟಿಲಿ ಇಟ್ಕೊಳ್ಳೋದು ನಿಮ್ಮ ಕೆಲಸ ಅಲ್ವಾ ಮೇಡಂ?” ಮಕ್ಕಳನ್ನು ಹತೋಟಿಯಲ್ಲಿಡುವುದು ನನ್ನ ಕೆಲಸ! ಈ ಮಾತನ್ನು ನಾನು ಮರೆಯುವುದಿಲ್ಲ. ಮಾರಿದ ಮಾಲು ವಾಪಸಿಲ್ಲ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿದೆಯಂತೆ.

ನೀವು ಕೊಳ್ಳುವುದಾದರೆ ಅಂಗಡಿಯಲ್ಲೇ, ಹಣ ಕೊಡುವ ಮೊದಲು, ಎಂದೂ ಸೇರಿಸದ ಫೋನೊಂದರಿಂದ ಕನೆಕ್ಟ್ ಮಾಡಿ ನೋಡಿ. ಆಂಪ್ಲಿಫೈಯರಿನ ಯಾವ ಬಟನ್ನೂ ಮುಟ್ಟದೆ ಅದು ಕೂಡಿಕೊಂಡರೆ ಎದ್ದು ಬನ್ನಿ. ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಬಿಲ್ಲಿನಲ್ಲಿ ಬರೆಸಿ. ಈಗಾಗಲೇ ಕೊಂಡಿದ್ದರೆ ತರಗತಿ ಬಿಡುವ ಮೊದಲು ಫೋನಿನ ಬ್ಲೂಟೂತ್ ಆಫ್ ಮಾಡಿ. ಸಾಧ್ಯವಾದರೆ ಬ್ಲೂಟೂತ್ ಬಿಟ್ಟು ವೈರ್ ಹಾಕಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ರೇಡಿಯೊ ರಿಪೇರಿಯವರೊಬ್ಬರು ಹತ್ತನೇ ತರಗತಿಯ ಆಂಪ್ಲಿಫೈಯರ್ ಬಿಚ್ಚಿ, ಬ್ಲೂಟೂತ್ ಇರುವ ಚಿಕ್ಕ ಹಸಿರು ಬೋರ್ಡಿನ ವೈರ್ ಕಿತ್ತುಕೊಟ್ಟರು. ಬಿಚ್ಚಿದ್ದಕ್ಕೆ ಅದರ ವಾರಂಟಿ ಹೋಯಿತೆಂದು ಅಂಗಡಿಯವರು ಹೇಳಿದ್ದಾರೆ. ಉಳಿದ ಮೂರನ್ನು ದೂರು ಮುಗಿಯುವವರೆಗೆ ಬಿಚ್ಚುವಂತಿಲ್ಲ, ಹಾಗಾಗಿ ಪ್ಲಗ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.